ಯಾರ ಹಿಂಡಿನ ನವಿಲು?

ಕೊಡಗಿನ ದುಬಾರೆ ಆನೆ ಶಿಬಿರಕ್ಕೆ ದೋಣಿ ಹತ್ತಿ ಹೊಳೆ ದಾಟುವವರಿಗೆಲ್ಲ ಆನೆಯದೇ ಧ್ಯಾನ. ಮಾವುತರು ಆನೆಯನ್ನು ಕಾವೇರಿಯಲ್ಲಿ ಮಲಗಿಸಿ ಮೈ ಉಜ್ಜುವುದು, ರಾಗಿಮುದ್ದೆ, ಬೆಲ್ಲ ಬಾಯಿಗಿಡುವುದು, ಮಕ್ಕಳ ಕೂಗು, ಎತ್ತಿ ಹಿಡಿದ ಮೊಬೈಲುಗಳು. ಈ ಗಲಾಟೆ ಶುರುವಾಗುವ ಹೊತ್ತಿಗೆ ನೆಲದ ಹಕ್ಕಿಗಳ ಬೆಳಗಿನ ಮೇವು ಮುಗಿದಿರುತ್ತದೆ. ಅವನ್ನು ನೋಡಬೇಕೆಂದರೆ ಪ್ರವಾಸಿಗರ ಮೊದಲ ವಾಹನಕ್ಕಿಂತ ಮುಂಚೆ ಬಂದು, ಕಾಡಂಚಿನ ಬಿದಿರುಮೆಳೆಯ ಕಡೆ ಸದ್ದಿಲ್ಲದೆ ನಿಲ್ಲಬೇಕು.

ಮೊದಲು ಕೇಳುವುದು ತರಗೆಲೆಯ ಸದ್ದು. ಕಾಡುಕೋಳಿಯ ಹೇಂಟೆ ಎಡಗಾಲಲ್ಲೊಮ್ಮೆ ಬಲಗಾಲಲ್ಲೊಮ್ಮೆ ಎಲೆಯನ್ನು ಹಿಂದಕ್ಕೆ ಒದ್ದು, ಒಂದು ಹೆಜ್ಜೆ ಹಿಂದೆ ಸರಿದು, ಕೆದಕಿದ ಜಾಗವನ್ನು ಬಗ್ಗಿ ನೋಡುತ್ತದೆ. ಅಲ್ಲೇ ನಾಲ್ಕು ಮಾರು ಆಚೆ ಹೆಣ್ಣು ನವಿಲೊಂದು. ಅದಕ್ಕೆ ಕೋಳಿಯಷ್ಟು ಕೆದಕುವ ಚಪಲವಿಲ್ಲ. ನಡೆಯುತ್ತಾ ನಡೆಯುತ್ತಾ ಹುಳುವನ್ನೋ ಕಾಳನ್ನೋ ಹೆಕ್ಕುತ್ತದೆ, ಕೋಳಿ ಕೆದಕಿ ಬಿಟ್ಟ ನೆಲವನ್ನೂ ಒಮ್ಮೆ ವಿಚಾರಿಸಿಕೊಳ್ಳುತ್ತದೆ. ಎಲ್ಲೋ ಒಂದು ಕಡ್ಡಿ ಮುರಿಯಿತೋ, ಕೋಳಿಯ ತಲೆ ಮೇಲೆದ್ದಿತು. ನವಿಲಿನ ಕತ್ತು ಅದಕ್ಕಿಂತ ಒಂದು ಗೇಣು ಎತ್ತರಕ್ಕೆ ನಿಂತಿತು. ಎರಡೂ ಅಲುಗುವುದಿಲ್ಲ. ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಮತ್ತೆ ಎಲೆಯ ಸದ್ದು. ಒಂದರ ಜೊತೆ ಇನ್ನೊಂದು ಬಂದಿದೆಯೇ, ಅಥವಾ ಒಂದೇ ಮೇವಿಗೆ ಎರಡೂ ಬಂದಿವೆಯೇ ಎಂದು ನೋಡುವವರಿಗೆ ಹೇಳುವುದು ಕಷ್ಟ. ಆದರೆ ಒಂದರ ಕಣ್ಣು ಇನ್ನೊಂದಕ್ಕೆ ಉಪಯೋಗಕ್ಕೆ ಬಿತ್ತು ಎಂಬುದರಲ್ಲಿ ಸಂಶಯವಿಲ್ಲ.

ಇದೇ ನಾಟಕದ ವಿಚಿತ್ರ ಪ್ರದರ್ಶನವೊಂದು ಭೂಮಿಯ ಆ ಮಗ್ಗುಲಲ್ಲಿ ನಡೆಯುತ್ತಿರುತ್ತದೆ. ಅಮೆರಿಕದ ಹಳ್ಳಿಗಳ ಅಂಚಿನಲ್ಲಿ, ಹುಲ್ಲುಗಾವಲುಗಳಲ್ಲಿ ಕಾಡು ಟರ್ಕಿಗಳ ಹಿಂಡು ಮೇಯುವುದು ಸಾಮಾನ್ಯ ನೋಟ. ಕಂದು ಬಣ್ಣದ ಆ ದೊಡ್ಡ ಹಕ್ಕಿಗಳ ನಡುವೆ ಆಗೀಗ ಒಂದು ನೀಲಿ ಕತ್ತು ಕಾಣಿಸುತ್ತದೆ. ಯಾರದೋ ತೋಟದಿಂದ ತಪ್ಪಿಸಿಕೊಂಡ ನವಿಲು. ಟರ್ಕಿಗಳು ಹೋದಲ್ಲಿ ಹೋಗುತ್ತದೆ, ಅವು ನಿಂತಲ್ಲಿ ನಿಲ್ಲುತ್ತದೆ, ಸಂಜೆ ಅವು ಮರ ಹತ್ತಿದರೆ ತಾನೂ ಹತ್ತುತ್ತದೆ. ಒಂದು ದಿನದ ನೆಂಟಸ್ತಿಕೆಯಲ್ಲ ಇದು, ತಿಂಗಳುಗಟ್ಟಲೆ ನಡೆಯುವುದುಂಟು. ನೋಡಿದವರು ಸ್ನೇಹ ಎನ್ನುತ್ತಾರೆ, ಇಲ್ಲವೇ ನವಿಲು ತನ್ನನ್ನು ಟರ್ಕಿ ಎಂದುಕೊಂಡಿದೆ ಎಂದು ನಗುತ್ತಾರೆ. ಸ್ನೇಹದ ಮಾತು ನನಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ನಗುವ ಮಾತಿನಲ್ಲಿ ಸ್ವಲ್ಪ ಹುರುಳಿದೆ.

ಕ್ಯಾಲಿಫೋರ್ನಿಯಾದ ಮಟ್ಟಿಗೆ ಹೇಳುವುದಾದರೆ ಅಲ್ಲಿ ಇಬ್ಬರೂ ವಲಸಿಗರೇ. ಲಾಸ್ ಏಂಜಲಿಸ್ ಪಕ್ಕದ ಅರ್ಕೇಡಿಯಾ ಪಟ್ಟಣದ ನವಿಲುಗಳು ಲಕ್ಕಿ ಬಾಲ್ಡ್ವಿನ್ ಎಂಬ ಜಮೀನ್ದಾರ 1880ರ ಸುಮಾರಿಗೆ ತನ್ನ ಎಸ್ಟೇಟಿಗೆ ತರಿಸಿದ ಭಾರತದ ನವಿಲುಗಳ ಸಂತತಿ. ಈಗ ಅವು ಮನೆಮನೆಯ ಮಾಡು ಹತ್ತಿ ಕೇಕೆ ಹಾಕಿ, ಅರ್ಧ ಊರಿಗೆ ಅಭಿಮಾನ, ಇನ್ನರ್ಧಕ್ಕೆ ತಲೆನೋವು. ಟರ್ಕಿಯ ಕತೆ ಇನ್ನೂ ಮಜವಾಗಿದೆ. ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿ ಬೆಳೆದ ಟರ್ಕಿಯ ಒಂದು ಜಾತಿ ಸುಮಾರು 10,000 ವರ್ಷಗಳ ಹಿಂದೆಯೇ ನಿರ್ನಾಮವಾಗಿತ್ತು. ಈಗ ಅಲ್ಲಿರುವುದು ಬೇಟೆಗಾಗಿ ಹೊರಗಿನಿಂದ ತಂದು ಬಿಟ್ಟವು. 1959ರಿಂದ ಹಲವು ದಶಕ ಟೆಕ್ಸಾಸ್ ಮೂಲದ ಕಾಡು ಟರ್ಕಿಗಳನ್ನು ಸರ್ಕಾರವೇ ತಂದು ಗುಡ್ಡಗಳಿಗೆ ಬಿಟ್ಟಿತು. ಅದಕ್ಕೂ ಮುಂಚೆ ಸಾಕಣೆ ಕೇಂದ್ರದಲ್ಲಿ ಬೆಳೆಸಿದ ಟರ್ಕಿಗಳನ್ನು ಕಾಡಿಗೆ ಬಿಡುವ ಪ್ರಯತ್ನ ಅಮೆರಿಕದ ಉದ್ದಗಲಕ್ಕೂ ನಡೆದು ಹೆಚ್ಚುಕಡಿಮೆ ಎಲ್ಲೆಡೆ ಸೋತಿತ್ತು. ತಾಯಿಯ ಹಿಂದೆ ನಡೆದು ಕಾಡು ಕಲಿಯದ ಹಕ್ಕಿ ಕಾಡಿನಲ್ಲಿ ಉಳಿಯಲಿಲ್ಲ. ಕಾಡಿನಲ್ಲೇ ಬಲೆ ಹಾಕಿ ಹಿಡಿದು ಇನ್ನೊಂದು ಕಾಡಿಗೆ ಬಿಟ್ಟವು ಮಾತ್ರ ಬದುಕಿ ಬೆಳೆದವು.

ಹಾಗಾದರೆ ಮನುಷ್ಯರ ಅಂಗಳದಲ್ಲಿ ಹುಟ್ಟಿದ ನವಿಲು ಕಾಡಂಚಿನಲ್ಲಿ ಹೇಗೆ ಬದುಕುತ್ತದೆ? ಟರ್ಕಿಗಳ ಕಾಡುಬುದ್ಧಿಯನ್ನು ಕಡ ಪಡೆದು.

ನವಿಲು, ಟರ್ಕಿ, ಕಾಡುಕೋಳಿ, ನಮ್ಮ ಹಿತ್ತಲಿನ ನಾಟಿಕೋಳಿ, ಕೌಜುಗ ಎಲ್ಲವೂ ಒಂದೇ ಕುಟುಂಬದವು. ದಾಯಾದಿಗಳ ದಿನಚರಿ ಒಂದೇ. ಬೆಳಕು ಹರಿಯುತ್ತಲೇ ಮರದಿಂದ ಇಳಿ, ನೆಲದಲ್ಲಿ ಮೇಯಿ, ಮಧ್ಯಾಹ್ನ ನೆರಳಿನಲ್ಲಿ ಮಣ್ಣುಸ್ನಾನ ಮಾಡು, ಹೊತ್ತು ಮುಳುಗುವ ಮುಂಚೆ ಎತ್ತರದ ಕೊಂಬೆ ಸೇರು. ಕಾಳು, ಹುಳು, ಚಿಗುರು, ಬಿದ್ದ ಹಣ್ಣು, ಸಿಕ್ಕಿದರೆ ಸಣ್ಣ ಹಾವು, ಹಲ್ಲಿ. ಟರ್ಕಿಯ ಮೊಟ್ಟೆಗೂ ನವಿಲಿನ ಮೊಟ್ಟೆಗೂ 28 ದಿನದ ಕಾವು. ದಾರಿ ತಪ್ಪಿದ ನವಿಲಿಗೆ ಬಾತುಗಳ ಹಿಂಡು ಸಿಕ್ಕಿದ್ದರೆ ನೀರಿನ ಅಂಚಿನಲ್ಲಿ ನಿಂತುಬಿಡಬೇಕಿತ್ತು. ಟರ್ಕಿ ಹಿಂಡಿನಲ್ಲಿ ಎದ್ದು ಮಲಗುವ ಹೊತ್ತು, ಹೋಗುವ ಹಾದಿ, ಹೆದರುವ ಶತ್ರು ಯಾವುದೂ ಬೇರೆಯಲ್ಲ.

ನೆಲದ ಮೇಲೆ ಮೇಯುವ ಹಕ್ಕಿಯ ದೊಡ್ಡ ಸಂಕಟವೆಂದರೆ ತಲೆ ತಗ್ಗಿಸದೆ ಊಟವಿಲ್ಲ, ತಲೆ ತಗ್ಗಿಸಿದರೆ ಜೀವಕ್ಕೆ ಗ್ಯಾರಂಟಿಯಿಲ್ಲ. ಒಂಟಿ ಹಕ್ಕಿ ಎರಡು ಕಾಳಿಗೊಮ್ಮೆ ಕತ್ತೆತ್ತಿ ನೋಡುತ್ತಲೇ ಇರಬೇಕು. ಹತ್ತು ಹಕ್ಕಿ ಜೊತೆಗಿದ್ದರೆ ಯಾವುದಾದರೊಂದು ತಲೆ ಸದಾ ಮೇಲಿರುತ್ತದೆ, ಉಳಿದವು ನೆಮ್ಮದಿಯಾಗಿ ಮೇಯಬಹುದು. ಇಂಗ್ಲೆಂಡಿನ ಜೀವವಿಜ್ಞಾನಿ ವಿಲಿಯಂ ಹ್ಯಾಮಿಲ್ಟನ್ 1971ರಲ್ಲಿ ಇದರ ಇನ್ನೊಂದು ಮುಖವನ್ನು ತೋರಿಸಿದ. ಹಿಂಡಿನಲ್ಲಿದ್ದರೆ ನನ್ನ ಬದಲು ಪಕ್ಕದವನು ಬಲಿಯಾಗುವ ಸಾಧ್ಯತೆ ಹೆಚ್ಚು. ಹಿಂಡು ಕಟ್ಟಲು ಪ್ರೀತಿ ಬೇಕಿಲ್ಲ, ಸ್ವಾರ್ಥವೇ ಸಾಕು ಎಂಬುದು ಅವನ ವಾದ. ಆ ಲೆಕ್ಕದಲ್ಲಿ ಪಕ್ಕದವನು ನನ್ನ ಜಾತಿಯವನೇ ಆಗಬೇಕೆಂಬ ನಿಯಮವೂ ಇಲ್ಲ. ಮೇಲೆ ಮುಸುವ ಎಲೆ ಕಿತ್ತು ಬೀಳಿಸುತ್ತಿದ್ದರೆ ಕೆಳಗೆ ಜಿಂಕೆ ನಿಂತಿರುವುದನ್ನು ನಾಗರಹೊಳೆಯಲ್ಲಿ ಸಫಾರಿಗೆ ಹೋದವರೆಲ್ಲ ನೋಡಿದ್ದಾರೆ. ಭೀಮರಾಜ ಹಕ್ಕಿಯ ಸುತ್ತ ಹತ್ತಾರು ಜಾತಿಯ ಸಣ್ಣ ಹಕ್ಕಿಗಳು ಸೇರಿ ಸಂತೆಯಂತೆ ಸಾಗುವುದು ಪಶ್ಚಿಮಘಟ್ಟದ ಕಾಡಿನ ದಿನನಿತ್ಯದ ದೃಶ್ಯ. ದುಬಾರೆಯ ಮಾವುತರಿಗೂ ನವಿಲಿನ ಕೂಗು, ಕಾಡುಕೋಳಿಯ ಗಾಬರಿ, ಜಿಂಕೆಯ ಎಚ್ಚರಿಕೆ ಎಲ್ಲ ಸೇರಿ ಒಂದೇ ಸುದ್ದಿ: ಈ ಕಡೆ ಹುಲಿಯೋ ಚಿರತೆಯೋ ನಡೆದಿದೆ.

ನವಿಲು ಜೊತೆಗಿದ್ದರೆ ಟರ್ಕಿಗಳಿಗೆ ಏನು ಲಾಭ ಎಂದು ಕೇಳಬಹುದು. ಹಿಂಡಿಗೆ ಒಂದು ಎತ್ತರದ ಕತ್ತು, ಒಂದು ದೊಡ್ಡ ಗಂಟಲು ಹೆಚ್ಚಿಗೆ ಸಿಕ್ಕಿತು, ಅಷ್ಟೆ. ಓಡಿಸುವ ಶ್ರಮಕ್ಕಿಂತ ಇರಲಿ ಬಿಡುವುದು ಸಲೀಸು. ಆದರೆ ಟರ್ಕಿ ಹಿಂಡಿನಲ್ಲಿ ಮೇಲು ಕೀಳಿನ ಶ್ರೇಣಿ ಕಟ್ಟುನಿಟ್ಟು, ಹೊಸಬರು ಬಂದರೆ ಕುಕ್ಕಾಟವೂ ಖಂಡಿತ. ಹೀಗಾಗಿ ನವಿಲಿಗೆ ಸಿಗುವ ಜಾಗ ಸಾಮಾನ್ಯವಾಗಿ ಹಿಂಡಿನ ಅಂಚು.

ಈ ಎರಡು ಹಕ್ಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಲ್ಲಿ ನನಗೆ ಬಹಳ ಇಷ್ಟವಾದವನು ಮೊಘಲ್ ದೊರೆ ಜಹಾಂಗೀರ್. ಮುಖರ್ರಬ್ ಖಾನ್ ಎಂಬ ಅಧಿಕಾರಿ 1612ರಲ್ಲಿ ಗೋವೆಯ ಪೋರ್ಚುಗೀಸರಿಂದ ಅಪರೂಪದ ಪ್ರಾಣಿಗಳನ್ನು ಕೊಂಡು ತಂದ. ಅದರಲ್ಲೊಂದು ಟರ್ಕಿ ಹುಂಜ. ಮೆಕ್ಸಿಕೊ ಕಡೆಯಲ್ಲಿ ಪಳಗಿದ ಹಕ್ಕಿ ಹಡಗು ಹತ್ತಿ ನಮ್ಮ ಕಾರವಾರದ ಪಕ್ಕದ ಬಂದರಿಗೆ ಬಂದು ಅಲ್ಲಿಂದ ಆಗ್ರಾ ಸೇರಿತು. ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಅದನ್ನು ಅಳೆದದ್ದೇ ನವಿಲಿನಿಂದ. ಹೆಣ್ಣು ನವಿಲಿಗಿಂತ ದೊಡ್ಡದು, ಗಂಡು ನವಿಲಿಗಿಂತ ಚಿಕ್ಕದು, ಮದವೇರಿದಾಗ ನವಿಲಿನಂತೆಯೇ ಗರಿ ಕೆದರಿ ಕುಣಿಯುತ್ತದೆ, ತಲೆ ಕತ್ತಿನ ಬಣ್ಣ ಗಳಿಗೆಗೊಂದು ಎಂದು ಬರೆದ. ಅವನ ಆಸ್ಥಾನದ ಕಲಾವಿದ ಮನ್ಸೂರ್ ಬರೆದ ಆ ಟರ್ಕಿಯ ಚಿತ್ರ ಇವತ್ತು ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಬಾದಶಹನ ಕಣ್ಣು ಸೂಕ್ಷ್ಮವಾದದ್ದು. ಈ ಎರಡು ಹಕ್ಕಿಗಳ ಜೊತೆವಾಸ ಎಲ್ಲಿ ಕೈಕೊಡುತ್ತದೆ ಎಂಬುದೂ ಅವನು ಗುರುತಿಸಿದ ಆ ಕುಣಿತದಲ್ಲೇ ಇದೆ.

ವರ್ಷದ ಬಹುಪಾಲು ನವಿಲು ಟರ್ಕಿಯಾಗಿ ಬದುಕಬಹುದು. ಸಂಗಾತಿ ಹುಡುಕುವ ಕಾಲ ಬಂದಾಗ ಗುಟ್ಟು ಬಯಲಾಗುತ್ತದೆ. ಟರ್ಕಿ ಬೀಸಣಿಗೆಯಂತೆ ಎತ್ತುವುದು ನಿಜವಾದ ಬಾಲವನ್ನು. ನವಿಲಿನ ಸೋಗೆ ಬಾಲವಲ್ಲ, ಬಾಲದ ಮೇಲಿನ ಹೊದಿಕೆಯ ಗರಿಗಳು ಮಾರುದ್ದ ಬೆಳೆದದ್ದು. ಅಸಲಿ ಬಾಲ ಅದರ ಹಿಂದೆ ಊರುಗೋಲಾಗಿ ನಿಂತಿರುತ್ತದೆ. ಹಿಂದಿನಿಂದ ನೋಡಿದವರಿಗೆ ಆ ಕಂದು ಬಣ್ಣದ ಮೋಟು ಬಾಲ ಕಾಣಿಸುತ್ತದೆ. ಕುಣಿಯುವಾಗ ಸೋಗೆಯನ್ನು ಸೆಕೆಂಡಿಗೆ ಸುಮಾರು 25 ಸಲ ನಡುಗಿಸುತ್ತದೆ, ಮಳೆ ಬಿದ್ದ ಹಾಗೆ ಸದ್ದು ಬರುತ್ತದೆ. ಹೆಣ್ಣು ನವಿಲನ್ನು ಗೆಲ್ಲಲು ಇಷ್ಟೆಲ್ಲ. ಹೆಣ್ಣು ಟರ್ಕಿ ನೋಡುವುದು ಬೇರೆಯೇ. ಗಂಡಿನ ಕೊಕ್ಕಿನ ಬುಡದಿಂದ ಜೋತುಬೀಳುವ ಮಾಂಸದ ಕುಚ್ಚು ಎಷ್ಟು ಉದ್ದವಿದೆ ಎಂಬುದು ಅದಕ್ಕೆ ಮುಖ್ಯವೆಂದು ರಿಚರ್ಡ್ ಬುಖೋಲ್ಟ್ಸ್ ಎಂಬ ಸಂಶೋಧಕ 1990ರ ದಶಕದಲ್ಲಿ ತೋರಿಸಿದ್ದಾರೆ. ನವಿಲಿಗೆ ಅಂಥ ಕುಚ್ಚೇ ಇಲ್ಲ. ಕಣ್ಣು ಕೋರೈಸುವ ಸೋಗೆಯೆದುರು ಹೆಣ್ಣು ಟರ್ಕಿ ಮಿಡತೆ ಹೆಕ್ಕುತ್ತಾ ಮುಂದೆ ಹೋಗಿಬಿಡುತ್ತದೆ.

ಇನ್ನೊಂದು ತೊಡಕು ಅಣ್ಣತಮ್ಮಂದಿರದು. ಕಾಡು ಟರ್ಕಿಯಲ್ಲಿ ಒಡಹುಟ್ಟಿದ ಗಂಡುಗಳು ಜೊತೆಯಾಗಿ ಕುಣಿಯುತ್ತವೆ, ಆದರೆ ಕೂಡುವುದು ಅವುಗಳಲ್ಲಿ ಒಂದು ಮಾತ್ರ. ಉಳಿದವರಿಗೆ ಏನು ಸುಖ? ಕ್ಯಾಲಿಫೋರ್ನಿಯಾದಲ್ಲಿ ಅಧ್ಯಯನ ಮಾಡಿದ ಅಲನ್ ಕ್ರಾಕವರ್ 2005ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಅಣ್ಣನ ಮರಿಗಳಲ್ಲಿ ತಮ್ಮನ ರಕ್ತವೂ ಇರುವುದರಿಂದ, ಒಂಟಿಯಾಗಿ ಕುಣಿದು ಸೋಲುವುದಕ್ಕಿಂತ ಅಣ್ಣನಿಗೆ ನೆರವಾಗುವುದೇ ವಂಶಕ್ಕೆ ಲಾಭ. ನವಿಲಿಗೂ ಇಂಥ ಒಂದು ರಕ್ತದ ಸೆಳೆತ ಇದೆ. ಇಂಗ್ಲೆಂಡಿನ ವಿಪ್ಸ್‌ನೇಡ್ ಮೃಗಾಲಯದಲ್ಲಿ ಮರಿಯನ್ ಪೆಟ್ರಿ ಮತ್ತು ಸಂಗಡಿಗರು ನವಿಲಿನ ಮೊಟ್ಟೆಗಳನ್ನು ಕಲಸಿ, ಒಡಹುಟ್ಟಿದವು ಯಾರೆಂದು ತಿಳಿಯದಂತೆ ಮರಿಗಳನ್ನು ಬೆಳೆಸಿ ಬಿಟ್ಟರು. ದೊಡ್ಡವಾದ ಮೇಲೆ ಗಂಡುಗಳು ಕುಣಿಯಲು ಜಾಗ ಹಿಡಿದಾಗ ನೋಡಿದರೆ, ಅಣ್ಣತಮ್ಮಂದಿರು ಹತ್ತಿರ ಹತ್ತಿರವೇ ನಿಂತಿದ್ದವು! 1999ರಲ್ಲಿ ಪ್ರಕಟವಾದ ಈ ಫಲಿತಾಂಶ ಇಂದಿಗೂ ತಲೆ ಕೆರೆದುಕೊಳ್ಳುವಂತೆ ಮಾಡುತ್ತದೆ. ಗುರುತು ಹಿಡಿದದ್ದು ಹೇಗೆ? ಟರ್ಕಿಗಳ ನಡುವಿನ ಒಂಟಿ ನವಿಲಿಗಂತೂ ನೆರವಾಗುವ ಅಣ್ಣನೂ ಇಲ್ಲ, ನೋಡುವ ಹೆಣ್ಣೂ ಇಲ್ಲ.

ರಕ್ತದ ಮಾತು ಹಾಗಿರಲಿ, ಸಾಕಿದ ಮಡಿಲಿನ ಮಾತೂ ಇದೆ. ಆಸ್ಟ್ರಿಯಾದ ಕೊನ್ರಾಡ್ ಲೊರೆಂಜ್, 1973ರ ನೊಬೆಲ್ ಪುರಸ್ಕೃತ, ವಿಯೆನ್ನಾದ ಷೋನ್‌ಬ್ರುನ್ ಮೃಗಾಲಯದ ಬಿಳಿ ನವಿಲೊಂದರ ಸಂಗತಿ ಬರೆದಿದ್ದಾನೆ. ಚಳಿಗೆ ಒಡಹುಟ್ಟಿದವೆಲ್ಲ ಸತ್ತು ಇದೊಂದೇ ಮರಿ ಉಳಿದಾಗ ಮೃಗಾಲಯದಲ್ಲೇ ಅತ್ಯಂತ ಬೆಚ್ಚಗಿದ್ದ ಕೋಣೆಯಲ್ಲಿಟ್ಟು ಬೆಳೆಸಿದರು. ಅದು ದೈತ್ಯ ಆಮೆಗಳ ಕೋಣೆ. ನವಿಲು ದೊಡ್ಡದಾಯಿತು, ಸೋಗೆ ಬಂತು. ಆದರೆ ಎಂಥ ಚೆಲುವೆ ಹೆಣ್ಣು ನವಿಲನ್ನು ಎದುರಿಗೆ ಬಿಟ್ಟರೂ ತಿರುಗಿ ನೋಡದೆ, ಬದುಕಿರುವಷ್ಟು ಕಾಲ ಆಮೆಗಳ ಮುಂದೆಯೇ ಗರಿಗೆದರಿ ಕುಣಿಯಿತು. ಮೊಟ್ಟೆಯೊಡೆದ ಮೊದಲ ದಿನಗಳಲ್ಲಿ ಕಣ್ಣೆದುರು ಓಡಾಡಿದ ಜೀವವೇ ‘ನಮ್ಮವರು’ ಎಂಬ ಅಚ್ಚು ಮರಿಯ ಮಿದುಳಿನಲ್ಲಿ ಬೀಳುತ್ತದೆ, ಅಳಿಸುವುದು ಬಹಳ ಕಷ್ಟ. ಫ್ಲಾರಿಡಾದ ಜೋ ಹಟ್ಟೊ ಕಾಡು ಟರ್ಕಿಯ ಮೊಟ್ಟೆಗಳನ್ನು ಮರಿ ಮಾಡಿಸಿ ತಾನೇ ತಾಯಿಯಾಗಿ ಕಾಡಿನಲ್ಲಿ ನಡೆದಾಡಿದ. ಮರಿಗಳು ಅವನ ಬೆನ್ನು ಬಿಡಲಿಲ್ಲ. ಅವನ 1995ರ ಪುಸ್ತಕದ ಸ್ವಾರಸ್ಯವೇನೆಂದರೆ, ಯಾವ ಹಾವಿಗೆ ಹೆದರಬೇಕು ಎಂಬುದನ್ನು ಆ ಮರಿಗಳಿಗೆ ಅವನು ಕಲಿಸಬೇಕಾಗಲಿಲ್ಲ. ತಾಯಿ ಯಾರು ಎಂಬುದನ್ನು ಮಾತ್ರ ಕಣ್ಣಾರೆ ಕಂಡೇ ಕಲಿತವು.

ನಮ್ಮವರು ಯಾರು ಎಂಬ ಪ್ರಶ್ನೆಗೆ ದುಬಾರೆಯಲ್ಲಿ ಉತ್ತರ ಹುಡುಕುವವರು ಕುಶ ಎಂಬ ಆನೆಯನ್ನು ನೆನೆಯದೆ ಮುಂದೆ ಹೋಗಲಾರರು. ಇಲ್ಲಿನ ಸಾಕಾನೆಗಳ ರಾತ್ರಿ ಕಾಡಿನಲ್ಲೇ ಕಳೆಯುತ್ತದೆ. ಕಾಲಿನ ಸರಪಳಿ ಎಳೆದುಕೊಂಡು ಮೇಯುತ್ತಾ ಹೋಗುತ್ತವೆ, ಕಾಡಾನೆಗಳನ್ನು ಸಂಧಿಸುತ್ತವೆ; ಬೆಳಿಗ್ಗೆ ಮಾವುತ, ಕಾವಾಡಿಗಳು ಸರಪಳಿಯ ಜಾಡು ಹಿಡಿದು ಕರೆತರುತ್ತಾರೆ. ಕೊಡಗಿನ ಕಾಡಿನಿಂದಲೇ ಹಿಡಿದು ಪಳಗಿಸಿದ್ದ ಕುಶ ಹೀಗೆ ಹೋದವನು ಮದದ ಗುಂಗಿನಲ್ಲಿ ಕಾಡಾನೆಗಳ ಜೊತೆ ಸೇರಿ ಮರಳಲೇ ಇಲ್ಲ. 2021ರ ಮಾರ್ಚಿನಲ್ಲಿ ಮತ್ತೆ ಹಿಡಿದು ಮರದ ದಿಮ್ಮಿಗಳ ಕ್ರಾಲ್‌ನಲ್ಲಿ ಕಟ್ಟಿದಾಗ ಪ್ರಾಣಿಪ್ರಿಯರಿಂದ ಆಕ್ಷೇಪ ಬಂತು. ಆಗಿನ ಅರಣ್ಯ ಸಚಿವ ಅರವಿಂದ ಲಿಂಬಾವಳಿ ಅವರ ಸೂಚನೆಯಂತೆ ಜೂನ್‌ನಲ್ಲಿ ರೇಡಿಯೊ ಕಾಲರ್ ತೊಡಿಸಿ ಬಂಡೀಪುರದ ಕಾಡಿಗೆ ಬಿಟ್ಟರು. ಅಲ್ಲಿ ಮೇವಿಗೂ ನೀರಿಗೂ ಆನೆಗಳಿಗೂ ಬರವಿಲ್ಲ. ಆದರೂ ಕೆಲವೇ ತಿಂಗಳಲ್ಲಿ ಕುಶ ಬಹುದೂರ ಕಾಡು ಹಾಯ್ದು ದುಬಾರೆಯ ಕಡೆಗೇ ನಡೆದು ಬಂದ. ಸ್ವಜಾತಿಯೆಂಬುದಷ್ಟೇ ಅವನಿಗೆ ಸಾಲಲಿಲ್ಲ, ಗುರುತಿನ ಕಾಡು ಬೇಕಾಯಿತು.

ಮತ್ತೆ ನವಿಲಿಗೆ ಬರೋಣ. ಒಣ ಕಾಡು, ಕುರುಚಲು, ಹೊಲಗದ್ದೆಯ ಅಂಚು ಈ ಹಕ್ಕಿಯ ಮೂಲ ನೆಲೆ. ನಾಗಮಂಗಲದ ಆದಿಚುಂಚನಗಿರಿಯ ನವಿಲುಧಾಮ ಇರುವುದು ಬಯಲುಸೀಮೆಯಲ್ಲಿ. ಹಾವೇರಿ ಜಿಲ್ಲೆಯ ಬಂಕಾಪುರ ಕೋಟೆಯಲ್ಲಂತೂ ನವಿಲುಗಳು ಕಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರದ ಆವರಣದಲ್ಲೇ ಬೀಡುಬಿಟ್ಟಿವೆ. ಕೊಡಗಿನಲ್ಲಿ ದುಬಾರೆ, ಕುಶಾಲನಗರದ ಕಡೆಯ ಎಲೆಯುದುರುವ ಕಾಡು ಅದಕ್ಕೆ ಒಗ್ಗುತ್ತದೆ. ಪಡುವಣದ ಜಡಿಮಳೆಯ ಸೀಮೆ ಹಿಂದೆ ಒಗ್ಗುತ್ತಿರಲಿಲ್ಲ. ಈಗ ಆ ಗೆರೆ ಅಳಿಸುತ್ತಿದೆ. 1933ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ತಿರುವಾಂಕೂರು, ಕೊಚ್ಚಿಯ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಅವರಿಗೆ ನವಿಲು ಕಾಣಿಸಲಿಲ್ಲ. ಇವತ್ತು ಕೇರಳದಲ್ಲಿ ರೈತರು ನವಿಲಿನ ಕಾಟದ ಬಗ್ಗೆ ದೂರುತ್ತಾರೆ. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯ ಪ್ರಕಾರ ದೇಶದಲ್ಲಿ ನವಿಲಿನ ಸಂಖ್ಯೆ ಶೇ 150ಕ್ಕೂ ಹೆಚ್ಚು ಏರಿದೆ. ಕಾಫಿ ತೋಟದ ಸಿಲ್ವರ್ ಓಕ್ ಮರಗಳಿಂದ ಕೇಕೆ ಕೇಳಿಬರುವುದು ಹೊಸದೆಂದು ಕೊಡಗಿನ ಹಳೆಯ ಬೆಳೆಗಾರರು ಹೇಳುತ್ತಾರೆ. ಹೀಗೆ ಹೊಸ ಸೀಮೆಗೆ ಕಾಲಿಡುವ ಒಂಟಿ ನವಿಲಿಗೆ ತೋಟದಲ್ಲಿ ಮೊದಲು ಎದುರಾಗುವ ದಾಯಾದಿಗಳೆಂದರೆ ಕಾಡುಕೋಳಿ, ತೋಟದ ಕೆಲಸಗಾರರ ಲೈನ್‌ಮನೆಯ ನಾಟಿಕೋಳಿ.

ಲೈನ್‌ಮನೆಯ ಅಂಗಳದಲ್ಲಿ ಕೋಳಿಗಳಿಗೆ ಅಕ್ಕಿನುಚ್ಚು ಚೆಲ್ಲಿದಾಗ ಹೆಣ್ಣು ನವಿಲು ಬಂದು ಸೇರಿಕೊಂಡರೆ ಯಾರೂ ಅಟ್ಟುವುದಿಲ್ಲ. “ಅದಕ್ಕೂ ಹೊಟ್ಟೆ ಇಲ್ವಾ ಸಾರ್” ಎಂಬ ಉತ್ತರಕ್ಕೆ ಎದುರು ಮಾತೂ ಇಲ್ಲ. ಹಳ್ಳಿಗಳಲ್ಲಿ ಹಿಂದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪೊದೆಯಲ್ಲಿ ಸಿಕ್ಕ ನವಿಲಿನ ಮೊಟ್ಟೆಯನ್ನು ಕಾವಿಗೆ ಕೂತ ಕೋಳಿಯ ಕೆಳಗೆ ಇಡುವುದಿತ್ತು. ಕೋಳಿಮೊಟ್ಟೆಗೆ 21 ದಿನ ಸಾಕು. ಆದ್ದರಿಂದ ಅದನ್ನು ಒಂದು ವಾರ ತಡವಾಗಿ ಇಡಬೇಕು, ಇಲ್ಲವಾದರೆ ತನ್ನ ಮರಿ ಹೊರಬರುತ್ತಲೇ ಕೋಳಿ ಕಾವು ಬಿಟ್ಟೆದ್ದುಬಿಡುತ್ತದೆ. ಹುಟ್ಟಿದ ನವಿಲುಮರಿ ಕೋಳಿಯನ್ನೇ ಅಮ್ಮ ಎಂದುಕೊಂಡು ಅಂಗಳ ಸುತ್ತುತ್ತದೆ. ಎಡವಟ್ಟಾಗುವುದು ಸಂಜೆ. ನವಿಲುಮರಿಗೆ ರೆಕ್ಕೆ ಬೇಗ ಬಲಿಯುತ್ತದೆ, ಎತ್ತರಕ್ಕೆ ಹಾರಿ ಕೂರುವ ತವಕ. ಕೋಳಿತಾಯಿ ಬುಟ್ಟಿಯ ಕೆಳಗೆ ರೆಕ್ಕೆ ಹರಡಿ ಕರೆಯುತ್ತಿರುತ್ತದೆ. ಮರಿ ಕೊನೆಗೆ ಅಮ್ಮನ ಬೆನ್ನನ್ನೇ ಕೊಂಬೆ ಮಾಡಿಕೊಳ್ಳುತ್ತದೆ.

ಹೀಗೆ ಕಾವಿಗಿಟ್ಟು ಸಾಕುವುದೆಲ್ಲ ಈಗ ಅಪರಾಧ. ನವಿಲು 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಜೀವಿ. ಮೊಟ್ಟೆ ತಂದರೂ ಮರಿ ಸಾಕಿದರೂ ಕೇಸು. ಕಾನೂನಿಗಿಂತ ಬಲವಾದ ಕಾರಣವೂ ಒಂದಿದೆ. ಕೋಳಿಯ ಕರುಳಿನ ಹುಳದ ಮೊಟ್ಟೆಯಲ್ಲಿ ಅಡಗಿ ಬರುವ ಒಂದು ಏಕಕೋಶಜೀವಿ ಕೋಳಿಗೆ ಅಷ್ಟಾಗಿ ಬಾಧಿಸುವುದಿಲ್ಲ. ಅದೇ ನೆಲದಲ್ಲಿ ಮೇದ ಟರ್ಕಿಗೆ ಹೊಕ್ಕರೆ ಪಿತ್ತಜನಕಾಂಗವನ್ನೇ ತಿಂದು ಹಿಂಡುಹಿಂಡನ್ನು ಕೊಲ್ಲುತ್ತದೆ, ನವಿಲನ್ನೂ ಬಿಡುವುದಿಲ್ಲ. ಎರೆಹುಳುವಿನ ಮೂಲಕವೂ ಅದು ದಾಟುತ್ತದೆ. ಅಮೆರಿಕದಲ್ಲಿ ಟರ್ಕಿ ಸಾಕುವವರು ಕೋಳಿ ಮೇದ ನೆಲಕ್ಕೆ ಟರ್ಕಿಯನ್ನು ಬಿಡದಿರುವುದು ಇದಕ್ಕೇ. ನಮ್ಮಲ್ಲಿ ಇನ್ನೂ ಹೆಚ್ಚು ಭಯಪಡಬೇಕಾದದ್ದು ಕೊಕ್ಕರೆ ರೋಗಕ್ಕೆ. ಕೋಳಿಗೂ ಬರುತ್ತದೆ, ನವಿಲಿಗೂ ಬರುತ್ತದೆ.

ಹಾಗಾಗಿ ಅಂಗಳಕ್ಕೆ ನವಿಲು ಬರುವ ಮನೆಯವರು ಅದನ್ನು ಕಟ್ಟಿಹಾಕುವುದೂ ಬೇಡ, ಓಡಿಸುವುದೂ ಬೇಡ. ಕೋಳಿಯ ನುಚ್ಚನ್ನು ಗೂಡಿನೊಳಗೇ ಹಾಕಿದರೆ ನವಿಲು ತಾನಾಗಿ ತೋಟಕ್ಕೆ ಇಳಿಯುತ್ತದೆ. ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ಒಂದು ಫೋನು. ಕೋಳಿಗಳಿಗೆ ಕೊಕ್ಕರೆ ರೋಗದ ಲಸಿಕೆ ಊರಿನ ಪಶು ಆಸ್ಪತ್ರೆಯಲ್ಲೇ ಸಿಗುತ್ತದೆ, ಮಳೆಗಾಲಕ್ಕೆ ಮುಂಚೆ ಹಾಕಿಸಿಕೊಂಡು ಬರಬಹುದು.